ಕಾವಲಿಯನ್ನೇ ಕೇಳಿ, ಮೇಷ್ಟ್ರೇ

ಕಳೆದ ಸಂಚಿಕೆಯಲ್ಲಿ ಕಸ ಗುಡಿಸುವ ರೋಬೋಟ್ ಬಗ್ಗೆ ಒಂದು ಪುಟ್ಟ ಲೇಖನ ಹಾಕಿದ್ದೆವು. ಅದನ್ನು ಓದಿ ತುಮಕೂರಿನ ನಿವೃತ್ತ ಗಣಿತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ಮನೆಯ ನಕ್ಷೆಯೇ ತಲೆಯಲ್ಲಿಲ್ಲದೆ ಗೋಡೆಗೆ ಡಿಕ್ಕಿ ಹೊಡೆದು ತಿರುಗುವ ಯಂತ್ರವನ್ನು ಬುದ್ಧಿವಂತ ಅಂತ ಕರೆದಿದ್ದೀರಿ. ಮೊದಲು ಯೋಚನೆ, ಆಮೇಲೆ ಹೆಜ್ಜೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ನೆ ಹೇಳಿಲ್ಲ."

ಮೇಷ್ಟ್ರೇ, ಅಕ್ಷರ ಮುತ್ತಿನಂತಿದೆ. ಆದರೆ ನನ್ನ ಹಳೇ ಹುಚ್ಚನ್ನೇ ಕೆಣಕಿದ್ದೀರಿ, ಸ್ವಲ್ಪ ಉದ್ದವಾಗಿಯೇ ಉತ್ತರ ಕೇಳಬೇಕಾಗುತ್ತದೆ.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ನಕ್ಷೆ ಬೇಡವೇ ಬೇಡ ಅಂತ ನಾನೂ ಹೇಳುವುದಿಲ್ಲ. 2002ರಲ್ಲಿ ಬಂದ ರೂಂಬಾ ಎಂಬ ಕಸ ಗುಡಿಸುವ ರೋಬೋಟಿಗೆ ನಕ್ಷೆ ಇರಲಿಲ್ಲ, ಈಗಿನವಕ್ಕೆ ಇದೆ. ನಮ್ಮ ಮಗನ ಮನೆಯಲ್ಲಿ ನಕ್ಷೆಯಿಲ್ಲದ ಒಂದು ಹಳೇ ಯಂತ್ರ ಮಂಚದ ಕೆಳಗೆ ಚಾಪೆಯ ದಾರಕ್ಕೆ ಸಿಕ್ಕಿಕೊಂಡು ಒಂದು ಗಂಟೆ ಗೊಣಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಯ್ತಾ? ಈಗ ನನ್ನ ಸರದಿ.

ಮೊದಲು ಯೋಚನೆ, ಆಮೇಲೆ ಹೆಜ್ಜೆ ಅನ್ನುವ ನಿಮ್ಮ ಸೂತ್ರವನ್ನು ದೊಡ್ಡ ದೊಡ್ಡ ತಲೆಗಳೇ ಮಾಡಿ ನೋಡಿವೆ. 1966ರಿಂದ 1972ರವರೆಗೆ ಕ್ಯಾಲಿಫೋರ್ನಿಯಾದಲ್ಲಿ 'ಶೇಕಿ' ಎಂಬ ರೋಬೋಟ್ ಇತ್ತು. ಕ್ಯಾಮೆರಾದಲ್ಲಿ ನೋಡಬೇಕು, ಕಂಡದ್ದರಿಂದ ಕಂಪ್ಯೂಟರಿನೊಳಗೆ ಕೋಣೆಯ ಒಂದು ಪ್ರತಿ ಕಟ್ಟಬೇಕು, ಆ ಪ್ರತಿಯ ಮೇಲೆ ಯೋಜನೆ ಹಾಕಬೇಕು, ಆಮೇಲೆ ಅಲುಗಾಡಬೇಕು. ಅದಕ್ಕೆಂದೇ ಅಣಿಮಾಡಿದ ಕೋಣೆ, ಅದಕ್ಕೆಂದೇ ಮಾಡಿದ ಡಬ್ಬಗಳು. ಅಲ್ಲಿ ಅದು ನಡೆಯಿತು, ನಿಜ. ಆಮೇಲೆ 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಹ್ಯಾನ್ಸ್ ಮೊರಾವೆಕ್ ಎಂಬ ಸಂಶೋಧಕರ ರೋಬೋಟ್ ಗಾಡಿ ಕುರ್ಚಿ ತುಂಬಿದ ಒಂದು ಕೋಣೆಯನ್ನು ತಾನಾಗಿಯೇ ದಾಟಿತು. ಇಪ್ಪತ್ತು ಮೀಟರ್ ದೂರ, ಸುಮಾರು ಐದು ಗಂಟೆ! ಒಂದು ಮೀಟರ್ ಹೋಗುವುದು, ನಿಂತು ಹತ್ತು ಹದಿನೈದು ನಿಮಿಷ ಲೆಕ್ಕ ಹಾಕುವುದು. ಅದನ್ನೇ ಬಿಸಿಲಿಗೆ ಬಿಟ್ಟಾಗ ಇನ್ನೊಂದು ತಮಾಷೆಯಾಯಿತು. ಗಾಡಿ ಯೋಚಿಸುತ್ತ ನಿಂತಷ್ಟರಲ್ಲಿ ನೆರಳುಗಳು ಸರಿದುಬಿಟ್ಟವು. ತಲೆಯೊಳಗಿನ ಅಂಗಳ ಒಂದು, ಎದುರಿನ ಅಂಗಳ ಇನ್ನೊಂದು.

ಆ ದಿನಗಳಲ್ಲಿ ಮೊರಾವೆಕ್ ಅವರಿಗೆ ಕೈಜೋಡಿಸುತ್ತಿದ್ದ ವಿದ್ಯಾರ್ಥಿ ರಾಡ್ನಿ ಬ್ರೂಕ್ಸ್, ಆಸ್ಟ್ರೇಲಿಯಾದ ಹುಡುಗ. ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸೇರಿ 1986ರಲ್ಲಿ ಇಡೀ ಲೆಕ್ಕವನ್ನೇ ತಿರುಗಿಸಿ ಹಾಕಿದರು. ಒಂದು ದೊಡ್ಡ ಮಿದುಳಿನ ಬದಲು ಒಂದರ ಮೇಲೊಂದು ಸಣ್ಣ ಸಣ್ಣ ಅಭ್ಯಾಸಗಳು. ಕೆಳಗಿನದು: ಏನಕ್ಕೂ ಡಿಕ್ಕಿ ಹೊಡೆಯಬೇಡ. ಅದರ ಮೇಲೆ: ಸುಮ್ನೆ ಅಡ್ಡಾಡು. ಅದರ ಮೇಲೆ: ದೂರದಲ್ಲಿ ಏನೋ ಕಂಡರೆ ಆ ಕಡೆ ಹೋಗು. ಮೇಲಿನದು ಬೇಕಾದಾಗ ಕೆಳಗಿನದನ್ನು ತಡೆಯುತ್ತದೆ. ಮೇಲಿನದು ಕೆಟ್ಟುಹೋದರೂ ಕೆಳಗಿನದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಲೋಕದ ಪ್ರತಿ ತೆಗೆದು ತಲೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕು, ಲೋಕವೇ ಎದುರಿಗಿದೆಯಲ್ಲ ಅನ್ನುವುದು ಅವರ ವಾದ.

ಅವರ ಪ್ರಯೋಗಾಲಯದ 'ಹರ್ಬರ್ಟ್' ಎಂಬ ರೋಬೋಟ್ ನನಗೆ ಬಲು ಇಷ್ಟ. ಅಲ್ಲಿನ ಕೋಣೆಗಳಿಗೆ ನುಗ್ಗಿ ಮೇಜಿನ ಮೇಲಿನ ಖಾಲಿ ಸೋಡಾ ಡಬ್ಬ ಎತ್ತುವುದು ಅದರ ಕಸುಬು. ಚಕ್ರ ನಿಂತಿದೆಯೇ? ಹಾಗಾದರೆ ಕೈ ಚಾಚು. ಬೆರಳುಗಳ ನಡುವಿನ ಕಾಣದ ಬೆಳಕಿನ ಗೆರೆಗೆ ಏನೋ ಅಡ್ಡ ಬಂತೇ? ಹಾಗಾದರೆ ಹಿಡಿ. ಚಕ್ರ ನಿಂತಿದ್ದನ್ನು ಕೈಗೆ ಯಾರೂ ಒಳಗಿಂದ ಹೇಳಿಕಳಿಸುವುದಿಲ್ಲ, ಕೈಯೇ ನೋಡಿಕೊಳ್ಳುತ್ತದೆ. ನೀವೇ ಡಬ್ಬವನ್ನು ಅದರ ಬೆರಳ ಸಂದಿಯಲ್ಲಿ ಇಟ್ಟರೂ ಹಿಡಿದುಕೊಳ್ಳುತ್ತದೆ. ಹಾಗೆ ಇಡುವವರಿಗಾಗಿ ಪ್ರೋಗ್ರಾಮಿನಲ್ಲಿ ಒಂದು ಸಾಲನ್ನೂ ಯಾರೂ ಬರೆದಿರಲಿಲ್ಲ. ಇನ್ನೊಂದು 'ಗೆಂಗಿಸ್', ಒಂದು ಕೆಜಿ ತೂಕದ ಆರು ಕಾಲಿನ ಹುಳು. ಅದರೊಳಗೆ 57 ಪುಟ್ಟ ಪುಟ್ಟ ನಿಯಂತ್ರಕಗಳು. ನಡೆಯುವುದು ಅಂದರೇನೆಂದು ಪೂರ್ತಿ ಗೊತ್ತಿರುವುದು ಅದರಲ್ಲಿ ಒಂದೂ ಇಲ್ಲ. ಆದರೂ ಉಬ್ಬುತಗ್ಗಿನ ಮೇಲೆ ಹುಳು ನಡೆಯುತ್ತದೆ! ಇದೇ ಬ್ರೂಕ್ಸ್ 1990ರಲ್ಲಿ ಇನ್ನಿಬ್ಬರ ಜೊತೆ ಕಟ್ಟಿದ ಕಂಪನಿಯಿಂದಲೇ ನೀವು ಬೈದ ಜಾತಿಯ ಯಂತ್ರ ಬಂದದ್ದು.

ಇವರಿಗೂ ಮುಂಚೆ, 1940ರ ದಶಕದ ಕೊನೆಗೆ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಎರಡು ಯಂತ್ರದ ಆಮೆ ಮಾಡಿದ್ದರು. ಒಂದೊಂದಕ್ಕೂ ಮಿದುಳಿನ ಬದಲು ಎರಡೇ ವಾಲ್ವು, ಹಳೇ ರೇಡಿಯೋಗಳ ಗಾಜಿನ ಬುರುಡೆಯಂಥವು. ನಮ್ಮಜ್ಜನ ರೇಡಿಯೋದಲ್ಲಿ ಅದಕ್ಕಿಂತ ಜಾಸ್ತಿ ಇದ್ದವು. ಬ್ಯಾಟರಿ ಇಳಿದಾಗ ಆ ಆಮೆಗಳು ಬೆಳಕು ಹುಡುಕಿಕೊಂಡು ಗೂಡಿಗೆ ಮರಳುತ್ತಿದ್ದವು.

ಮೇಷ್ಟ್ರೇ, ನಿಮ್ಮ ಮನೆಯಲ್ಲಿ ದೋಸೆ ಹುಯ್ಯುವುದನ್ನು ನೋಡಿದ್ದೀರಾ? ನೋಡಿರುತ್ತೀರಿ, ಆದರೆ ತಟ್ಟೆಯ ಕಡೆಯಿಂದ. ನಮ್ಮಮ್ಮ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ, ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದಳು. 'ಚುಂಯ್' ಅಂದ ರೀತಿಯಲ್ಲೇ ಉರಿ ಸಣ್ಣ ಮಾಡಬೇಕೋ ದೊಡ್ಡದು ಮಾಡಬೇಕೋ ತಿಳಿಯುತ್ತಿತ್ತು. ಹಿಂದಿನ ದೋಸೆಗೆ ಕಾವು ಎಷ್ಟಿತ್ತು ಅಂತ ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಕಾವಲಿಯನ್ನೇ ಕೇಳುವುದು. ನೀವು ಹೇಳಿದ ಗಾದೆ ಮದುವೆ ಮಾತುಕತೆಗೆ, ಸೈಟು ಕೊಳ್ಳುವುದಕ್ಕೆ ಸರಿ. ಕಾಲಿಗೂ ಕೈಗೂ ಅದು ಒಗ್ಗುವುದಿಲ್ಲ. ಗಾದೆಗೆ ಗಾದೆ ಬೇಕಾದರೆ, ದೇಶ ಸುತ್ತು ಕೋಶ ಓದು ಅಂದರು. ಯಾವುದು ಮೊದಲು ಬಂತು, ನೋಡಿ.

ಇಷ್ಟು ಬರೆದಮೇಲೆ ಮನಸ್ಸಿನಲ್ಲಿದ್ದ ಉರಿಯನ್ನೂ ಕಕ್ಕಿಬಿಡುತ್ತೇನೆ. ಶೇಕಿ ಮ್ಯೂಸಿಯಂ ಸೇರಿದೆ, ಆದರೆ ಅದರ ವಂಶ ನಮ್ಮ ಕಚೇರಿಗಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದೆ. ನಮ್ಮ ಬೀದಿಯ ಮೂರನೇ ಕಂಬದ ದೀಪ ಕೆಟ್ಟು ಎರಡು ತಿಂಗಳಾಗಿತ್ತು. ಸಂಬಂಧಪಟ್ಟ ಕಚೇರಿಗೆ ಹೋದೆ. ಹುಡುಗ ಒಳ್ಳೆಯವನೇ, ಕೂರಿಸಿ ನೀರು ಕೊಟ್ಟ. ಕಂಪ್ಯೂಟರ್ ತೆರೆದ. ಪರದೆಯನ್ನು ನನ್ನ ಕಡೆ ತಿರುಗಿಸಿ, "ಸಾರ್, ಇಲ್ಲಿ ಉರೀತಾ ಇದೆಯಲ್ಲ" ಅಂದ. ಹಸಿರು ಚುಕ್ಕಿ. ಬಾರಪ್ಪ, ನಡೆದರೆ ಐದು ನಿಮಿಷ, ಒಂದು ಸಲ ನೋಡಿಬಿಡು ಅಂದೆ. "ಇಲ್ಲಿ ಉರೀತಾ ಇದ್ರೆ ನಾನು ಅಲ್ಲಿ ಬಂದು ಏನು ಮಾಡ್ಲಿ ಸಾರ್?" ಅಂದ. ಅವನನ್ನು ಬೈದು ಏನು ಪ್ರಯೋಜನ? ಕತ್ತೆತ್ತಿ ನೋಡುವುದು ಅವನ ಕೆಲಸದ ಪಟ್ಟಿಯಲ್ಲೇ ಇಲ್ಲ. ಗೋಡೆಗೆ ಡಿಕ್ಕಿ ಹೊಡೆದಾಗಲಾದರೂ ತಿರುಗುವ ಯಂತ್ರ ಎಷ್ಟೋ ವಾಸಿ ಅನ್ನಿಸಿತು ನನಗೆ.

ಮೊನ್ನೆ ರಾತ್ರಿ ಟಾರ್ಚು ಹಿಡಿದು ಮನೆಗೆ ಬರುವಾಗ ಅದೇ ಕಂಬದ ಕೆಳಗೆ ಮೊಬೈಲ್ ಟಿಂಗ್ ಅಂತು. ನಿಮ್ಮ ದೂರು ಪರಿಹಾರವಾಗಿದೆ, ಎಷ್ಟು ಸ್ಟಾರ್ ಕೊಡುತ್ತೀರಿ, ಅಂತ.