ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊಬೈಲ್ ಪೇಟೆಯೂ ಊರ ಅಂಗಡಿಯೂ

ಪ್ರಶ್ನೆ: ಮೇ ತಿಂಗಳಲ್ಲಿ ತೋಟಕ್ಕೆ ಮದ್ದು ಬಿಡುವ ಎಚ್‌ಟಿಪಿ ಪಂಪನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಪೇಟೆಯ ಬೆಲೆಗಿಂತ ಎರಡೂವರೆ ಸಾವಿರ ರೂಪಾಯಿ ಕಡಿಮೆಯಿತ್ತು. ಎರಡು ಸಲ ಬಳಸುವಷ್ಟರಲ್ಲಿ ಪೈಪು ಜೋಡಿಸುವ ತುಂಡು ಕೆಂಪು ಹಿಡಿದು ಸೋರತೊಡಗಿತು. ಹಿಂತಿರುಗಿಸುವ ಅವಧಿ ಮುಗಿದಿದೆಯೆಂದು ದೆಹಲಿಯ ಮಾರಾಟಗಾರರು ಹೇಳುತ್ತಾರೆ. ಊರಿನ ಅಂಗಡಿಯವರು ದುರಸ್ತಿಗೆ ಒಪ್ಪುತ್ತಿಲ್ಲ. ನಾನು ಮಾಡಿದ್ದು ತಪ್ಪೇ? ಈಗ ಏನು ಮಾಡಬಹುದು?
– ಅಡಿಕೆ ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಕೊಂಡದ್ದು ತಪ್ಪಲ್ಲ. ಆದರೆ ಆ ಎರಡೂವರೆ ಸಾವಿರ ಉಳಿಸುವಾಗ ನಿಮಗೆ ತಪ್ಪಿಹೋದದ್ದು ಅಂಗಡಿಯವರ ಒಂದು ಪ್ರಶ್ನೆ. ಬದಿಯಡ್ಕದಲ್ಲಾಗಲಿ ಮುಳ್ಳೇರಿಯದಲ್ಲಾಗಲಿ ಕೃಷಿ ಯಂತ್ರಗಳ ಅಂಗಡಿಗೆ ಹೋಗಿ ಪಂಪು ಕೇಳಿದರೆ, ಅನುಭವಸ್ಥರಾದ ಅಂಗಡಿಯವರು ಬೆಲೆ ಹೇಳುವ ಮೊದಲೇ “ಮೈಲುತುತ್ತು ಬಿಡಲಿಕ್ಕಾ?” ಎಂದು ವಿಚಾರಿಸುತ್ತಾರೆ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟ್. ಹೌದೆಂದರೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಬಿಡಿಭಾಗಗಳಿರುವ ಪಂಪನ್ನೇ ತೋರಿಸುತ್ತಾರೆ. ಇದರ ಕಾರಣ ನಿಮಗೆ ಗೊತ್ತಿಲ್ಲದ್ದಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ, ಅಡಿಕೆಕಾಯಿ ಕೊಳೆಯುವ ಕೊಳೆರೋಗಕ್ಕೆ ಮದ್ದಾದ ಬೋರ್ಡೋ ದ್ರಾವಣ ತಯಾರಿಸುವಾಗ ನಾವೆಲ್ಲ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ, ಕಬ್ಬಿಣ ಕರಗುತ್ತದೆ. “ಕೆಂಪು ಹಿಡಿದಿದೆ” ಎಂದು ನೀವು ಬರೆದಿರುವುದನ್ನು ನೋಡಿದರೆ ಆ ತುಂಡು ಕಬ್ಬಿಣದ್ದೇ ಇರಬೇಕು, ಕತ್ತಿಗೆ ಆಗುವುದೇ ಅದಕ್ಕೂ ಆಗಿರಬೇಕು ಎಂದು ಊಹಿಸುತ್ತೇನೆ. ಮೊಬೈಲಿನ ಪರದೆಯಲ್ಲಿ ಕಾಣುವುದು ಬಣ್ಣ, ಬೆಲೆ ಮತ್ತು ನಕ್ಷತ್ರಗಳು ಮಾತ್ರ. ಆ ನಕ್ಷತ್ರ ಕೊಟ್ಟವರಲ್ಲಿ ಎಷ್ಟು ಮಂದಿ ಅಡಿಕೆ ಮರದ ಬುಡದಲ್ಲಿ ನಿಂತು ಮದ್ದು ಬಿಟ್ಟವರು?

ಇನ್ನೊಂದು ಮಾತು ಕಾಲದ್ದು. ಕೊಳೆರೋಗಕ್ಕೆ ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಅದಾಗಿ ನಲವತ್ತು–ನಲವತ್ತೈದು ದಿನಕ್ಕೆ. “ಏಳು ದಿನಗಳಲ್ಲಿ ಬದಲಿ ತಲುಪಿಸುತ್ತೇವೆ” ಎಂಬ ಭರವಸೆ ಅಂಗಿಗೆ ಸಾಕು, ಜೂನ್ ಮೊದಲ ವಾರದ ತೋಟಕ್ಕೆ ಸಾಲದು. ಮದ್ದು ಬಿಡಲು ಮರ ಹತ್ತುವವರು ಸಿಕ್ಕಿದ ದಿನ ಪಂಪು ಕೆಟ್ಟರೆ, ಊರಿನ ಅಂಗಡಿಯಿಂದ ಒಂದು ವಾಷರ್ ತಂದು ಮಧ್ಯಾಹ್ನದೊಳಗೆ ಕೆಲಸ ಮುಂದುವರಿಸಬಹುದು. ನಿಮ್ಮ ಊರಿನ ಅಂಗಡಿಯವರು ಒಪ್ಪದಿರುವುದನ್ನು ಮಾತ್ರ ನಾನು ಹಟವೆಂದು ಭಾವಿಸುವುದಿಲ್ಲ. ತಾವು ಮಾರದ ಯಂತ್ರವನ್ನು ಬಿಚ್ಚಿದರೆ ವಾರಂಟಿ ರದ್ದಾಗಬಹುದು, ಆ ಮಾದರಿಯ ಬಿಡಿಭಾಗವೂ ಅವರಲ್ಲಿ ಇರಲಿಕ್ಕಿಲ್ಲ. ವಾರಂಟಿಯ ಆಸೆ ಬಿಟ್ಟಿದ್ದೇನೆ, ಕೂಲಿ ಕೊಡುತ್ತೇನೆ, ಹಿತ್ತಾಳೆಯ ತುಂಡು ಹೊಂದುತ್ತದೆಯೇ ನೋಡಿ ಎಂದು ನೇರವಾಗಿ ಕೇಳಿದರೆ ಬಹುಶಃ ಒಪ್ಪಿಯಾರು. ಆದರೆ ದೂರು ಕೊಡುವ ಯೋಚನೆ ಇದ್ದರೆ, ಅದು ಇತ್ಯರ್ಥವಾಗುವವರೆಗೆ ಯಂತ್ರವನ್ನು ಬಿಚ್ಚಿಸಬೇಡಿ.

ದೂರಿನ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ಹಿಂತೆಗೆದುಕೊಳ್ಳಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಆ ಪುಟದಲ್ಲಿ ಬೋರ್ಡೋ ಅಥವಾ ಶಿಲೀಂಧ್ರನಾಶಕದ ಸಿಂಪಡಣೆಗೆ ಯೋಗ್ಯವೆಂದು ಬರೆದಿದ್ದರೆ ಅದರ ಚಿತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ, ನಾಳೆ ಆ ಸಾಲು ಅಲ್ಲಿರಲಾರದು. ಜಾಲತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಮುಗಿಯದಿದ್ದರೆ, ಮಾರಾಟಗಾರರು ದೆಹಲಿಯಲ್ಲಿದ್ದರೂ ನೀವು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ದೂರುದಾರರು ವಾಸಿಸುವ ಸ್ಥಳದಲ್ಲೇ ದೂರು ನೀಡುವ ಈ ಅನುಕೂಲ 1986ರ ಹಳೆಯ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಇರಲಿಲ್ಲ, 2019ರದ್ದರಲ್ಲಿ ಬಂತು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ತೋಟದ ಯಂತ್ರ ವಾಣಿಜ್ಯ ಉದ್ದೇಶದ್ದೆಂದು ಎದುರಾಳಿ ವಾದಿಸಿದರೆ ಅಂಜಬೇಡಿ: ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಮಾತ್ರ ಕೊಂಡ ವಸ್ತು ಆ ಮಾತಿನೊಳಗೆ ಬರುವುದಿಲ್ಲವೆಂದು ಕಾಯಿದೆಯೇ ವಿವರಿಸಿದೆ.

ಹಾಗೆಂದು ಊರಿನ ಅಂಗಡಿಗಳೆಲ್ಲ ದೇವಸ್ಥಾನಗಳಲ್ಲ. ಬಿಲ್ ಕೇಳಿದರೆ ಮುಖ ಸಿಂಡರಿಸುವವರು, “ಮಾರಿದ ಸರಕನ್ನು ಹಿಂತೆಗೆದುಕೊಳ್ಳುವುದಿಲ್ಲ” ಎಂದು ಗೋಡೆಗೆ ಬರೆಸಿದವರು ನಮ್ಮಲ್ಲೂ ಇದ್ದಾರೆ. ಬಿಲ್ಲಿನಲ್ಲಿ ಬೇರೆ ಅವಧಿ ನಮೂದಿಸದಿದ್ದರೆ, ದೋಷವಿರುವ ಸರಕನ್ನು ಮೂವತ್ತು ದಿನಗಳೊಳಗೆ ಹಿಂತೆಗೆದುಕೊಳ್ಳದಿರುವುದು ಅದೇ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ಬಿಲ್ ಇಲ್ಲದೆ ಈ ಹಕ್ಕನ್ನು ಸಾಧಿಸುವುದು ಕಷ್ಟ.

ಪ್ರಶ್ನೆ: ಮಗಳ ಮದುವೆಯ ಉಡುಗೊರೆಗೆಂದು ‘ಅಸಲಿ ಕಾಸರಗೋಡು ಸೀರೆ’ ಎಂಬ ಹೆಸರಿನಲ್ಲಿ ಆನ್‌ಲೈನ್‌ನಿಂದ ಆರು ಸೀರೆ ತರಿಸಿದೆ. ಮುಟ್ಟಿದರೆ ಹತ್ತಿಯ ಸೀರೆಯೆಂದೇ ಅನಿಸುತ್ತಿಲ್ಲ. ಹೇಗೆ ಖಚಿತಪಡಿಸಿಕೊಳ್ಳುವುದು?
– ಗೃಹಿಣಿಯೊಬ್ಬರು, ಮಂಜೇಶ್ವರ

ಉತ್ತರ: ನಮ್ಮ ಜಿಲ್ಲೆಯ ಸೀರೆಯನ್ನು ನಮ್ಮ ಜಿಲ್ಲೆಯವರೇ ಎಲ್ಲಿಯದೋ ಗೋದಾಮಿನಿಂದ ತರಿಸಿಕೊಂಡದ್ದನ್ನು ಓದಿ ನಗು ಬಂತು, ಕ್ಷಮಿಸಿ. ಕಾಸರಗೋಡು ಸೀರೆ ಭೌಗೋಳಿಕ ಸೂಚ್ಯಂಕ ಪಡೆದ ಕೈಮಗ್ಗದ ಹತ್ತಿ ಸೀರೆ. ಬೇರೆಡೆ ಯಂತ್ರದಲ್ಲಿ ನೇಯ್ದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಸೀರೆಯಲ್ಲಿ ಕೈಮಗ್ಗ ಗುರುತಿನ ಚೀಟಿ ಇದೆಯೇ ನೋಡಿ. ಅಂಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿದರೂ ತಿಳಿಯುತ್ತದೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಸಂದೇಹವಿದ್ದರೆ ಕಾಸರಗೋಡಿನ ನೇಕಾರರ ಸಹಕಾರಿ ಸಂಘಕ್ಕೇ ಒಂದು ಸೀರೆ ಒಯ್ದು ತೋರಿಸಿ. ನಕಲಿಯೆಂದಾದರೆ ಮೇಲಿನ ಉತ್ತರದಲ್ಲಿ ಹೇಳಿದ ದಾರಿಯೇ ನಿಮಗೂ ಅನ್ವಯಿಸುತ್ತದೆ. ಉಳಿದ ಐದನ್ನು ಉಡದೆ, ಒಗೆಯದೆ ಹಾಗೆಯೇ ಇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡರೆ ನಮ್ಮ ತೆರಿಗೆಯ ಹಣ ಹೊರರಾಜ್ಯಕ್ಕೆ ಹೋಗುತ್ತದೆ ಎಂದು ಅಪ್ಪ ಹೇಳುತ್ತಾರೆ. ನಿಜವೇ?
– ವಿದ್ಯಾರ್ಥಿಯೊಬ್ಬರು, ಉಪ್ಪಳ

ಉತ್ತರ: ನಿಜವಲ್ಲ. ಸರಕು ತಲುಪುವ ರಾಜ್ಯಕ್ಕೆ ಜಿಎಸ್‌ಟಿಯ ರಾಜ್ಯದ ಪಾಲು ಸೇರುತ್ತದೆ. ಉಪ್ಪಳದ ವಿಳಾಸಕ್ಕೆ ಬಂದ ಪೊಟ್ಟಣದ ಪಾಲು ಕೇರಳಕ್ಕೇ. ತಮಾಷೆಯೆಂದರೆ ತಲಪಾಡಿಯ ಗಡಿ ದಾಟಿ ಮಂಗಳೂರಿನ ಅಂಗಡಿಯಲ್ಲಿ, ವಿಳಾಸ ಬರೆಸದೆ ಕೊಂಡು ಕೈಯಲ್ಲಿ ಹಿಡಿದು ತಂದ ಸರಕಿನ ಪಾಲು ಕರ್ನಾಟಕಕ್ಕೆ ಹೋಗುತ್ತದೆ, ಆ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ಊರಿನಲ್ಲಿ ಉಳಿಯದೆ ಹೋಗುವುದು ವ್ಯಾಪಾರದ ಲಾಭ, ಅಂಗಡಿಯ ಹುಡುಗರ ಸಂಬಳ, ಕೋಣೆಯ ಬಾಡಿಗೆ, ಸಾಮಾನು ಹೊತ್ತೊಯ್ಯುವ ರಿಕ್ಷಾದವರ ಬಾಡಿಗೆ. ಇದರ ಜೊತೆಗೆ ಅಡಿಕೆ ಮಾರಿದ ಮೇಲೆ ಕೊಡುತ್ತೇನೆಂದು ಹೇಳಿ ಬರೆಸುವ ಲೆಕ್ಕದ ಪುಸ್ತಕವನ್ನೂ ಸೇರಿಸಿಕೊಳ್ಳಿ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನಿನ ಹೊತ್ತಿಗೆ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಿದಾಗ ನಿಮ್ಮ ಮನೆಯ ಅಕ್ಕಿ, ತೊಗರಿಬೇಳೆ ಯಾವ ಅಂಗಡಿಯಿಂದ ಬಂತು, ಅದರಲ್ಲಿ ಎಷ್ಟು ರೊಕ್ಕಕ್ಕೆ, ಎಷ್ಟು ಕಡಕ್ಕೆ ಬಂತು ಎಂಬುದನ್ನು ಅಪ್ಪನಲ್ಲೇ ಕೇಳಿ ನೋಡಿ.