ಬೀಮಿಗೆ ಪೈಪ್ ತೂತು: ಕಂಬದ ಪಕ್ಕದಲ್ಲಿ ಬೇಡ

ಕಂಬದಿಂದ ಒಂದಡಿ ದೂರದಲ್ಲಿ, 15 ಇಂಚಿನ ಬೀಮಿಗೆ 4 ಇಂಚಿನ ತೂತು ಕೊರೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ಪ್ಲಂಬರ್‌ಗೆ ಇವತ್ತೇ ಹೇಳಿ. ಸಾಮಾನ್ಯವಾಗಿ ಕಂಬದ ಹತ್ತಿರವೇ ಶಿಯರ್, ಅಂದರೆ ಬೀಮನ್ನು ಅಡ್ಡಕ್ಕೆ ಕತ್ತರಿಸುವಂಥ ಬಲ, ಜಾಸ್ತಿ, ಅದಕ್ಕೇ ಅಲ್ಲಿ ಉದ್ದ ಸರಳುಗಳನ್ನು ಸುತ್ತುವ ಕಬ್ಬಿಣದ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಿರುತ್ತಾರೆ, ಕೋರ್ ಕಟಿಂಗ್ ಮಷಿನ್ ಕಾಂಕ್ರೀಟ್ ಜೊತೆ ಆ ರಿಂಗಿನ 8 ಎಂಎಂ ಸರಳನ್ನೂ ಕತ್ತರಿಸಿಕೊಂಡು ಹೋಗುತ್ತದೆ, ಪ್ಲಾಸ್ಟರ್ ಆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಓರೆಯಾಗಿ ಬಿರುಕು ಬಂದರೆ ಬೀಮು ಮುನ್ಸೂಚನೆ ಕೊಡುವುದು ಕಡಿಮೆ, ನನಗೆ ಭಯ ಅದೇ. ಪೈಪನ್ನು ಬೀಮಿನ ಕೆಳಗೆ ತಂದು ಫಾಲ್ಸ್ ಸೀಲಿಂಗ್ ಮಾಡಿಸಿ. ಒಂದು ಮೂಲೆಯಲ್ಲಿ ಎತ್ತರ ಕಡಿಮೆಯಾದರೆ ಆಗಲಿ ಬಿಡಿ. ಬೇರೆ ದಾರಿಯೇ ಇಲ್ಲ ಅಂದರೆ, ಡ್ರಾಯಿಂಗ್ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೀಸು ಕೊಟ್ಟು, ಎಲ್ಲಿ ಎಷ್ಟು ಅಂತ ಬರೆಸಿಕೊಳ್ಳಿ. ಈಗಾಗಲೇ ಕೊರೆದಿದ್ದರೆ ಸುಮ್ನೆ ಸಿಮೆಂಟ್ ಮೆತ್ತಿ ಮುಚ್ಚಿಸಬೇಡಿ, ಅವರು ಬಂದು ನೋಡಲಿ.