ಪ್ರಾಕ್ಸಿ ಸರ್ವರ್ ಪ್ಲಗಿನ್‌ಗಳಿಗೆ ಯಾವ ಸ್ಕ್ರಿಪ್ಟಿಂಗ್ ಭಾಷೆ?

ಪ್ರಶ್ನೆ: ಮಾನ್ಯರೇ, ನಮ್ಮ ಕಾಲೇಜಿನ ಹಾಸ್ಟೆಲ್ ಮತ್ತು ಪ್ರಯೋಗಾಲಯಗಳ ಇಂಟರ್‌ನೆಟ್ ಸಂಚಾರವೆಲ್ಲ ನಾವೇ ಸಿ ಭಾಷೆಯಲ್ಲಿ ಬರೆದ ಪ್ರಾಕ್ಸಿ ಸರ್ವರ್ (ಬಳಕೆದಾರರಿಗೂ ಇಂಟರ್‌ನೆಟ್‌ಗೂ ನಡುವಿನ ಮಧ್ಯವರ್ತಿ) ಮೂಲಕ ಹಾದುಹೋಗುತ್ತದೆ. ಅದಕ್ಕೆ ಜೋಡಿಸುವ ಸಣ್ಣ ಪ್ರೋಗ್ರಾಮುಗಳಾದ ಪ್ಲಗಿನ್‌ಗಳೂ ಸಿ ಭಾಷೆಯಲ್ಲೇ ಇರುವುದರಿಂದ ಸಣ್ಣ ನಿಯಮವೊಂದನ್ನು ಬದಲಿಸಬೇಕಾದರೂ ಮತ್ತೆ ಕಂಪೈಲ್ ಮಾಡಬೇಕು. ವಿದ್ಯಾರ್ಥಿಯೊಬ್ಬರ ಪ್ಲಗಿನ್‌ನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) ತಪ್ಪಿದರೆ ಇಡೀ ಸರ್ವರ್ ನಿಂತುಹೋಗುತ್ತದೆ. ಎಲ್ಲರಿಗೂ ಬರುವ ಪೈಥಾನ್‌ನಲ್ಲಿ ಪ್ಲಗಿನ್ ಬರೆಯಲು ಅವಕಾಶ ಕೊಡಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಕೊಡಬಹುದು, ಆದರೆ ನನ್ನ ಸಲಹೆ ಲುವಾ. ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆಯನ್ನು ಬೇರೆ ಪ್ರೋಗ್ರಾಮಿನೊಳಗೆ ಅಳವಡಿಸಲು ಅನುಕೂಲವಾಗುವಂತೆಯೇ ರೂಪಿಸಲಾಗಿದೆ. ಪ್ರಾಕ್ಸಿ ಸಾಫ್ಟ್‌ವೇರ್ ಆದ ಎಚ್‌ಎಪ್ರಾಕ್ಸಿ 2015ರ 1.6 ಆವೃತ್ತಿಯಲ್ಲಿ ಇದನ್ನೇ ಸೇರಿಸಿಕೊಂಡಿತು. ಇಂಥವೇ ಸಾಫ್ಟ್‌ವೇರ್‌ಗಳಾದ ಓಪನ್‌ರೆಸ್ಟಿ, ಎನ್ವಾಯ್‌ಗಳಲ್ಲಿಯೂ ಇದಿದೆ. ಪೈಥಾನ್‌ನ ಸಾಮಾನ್ಯ ಆವೃತ್ತಿಯಲ್ಲಿ ಒಂದು ಇಂಟರ್‌ಪ್ರಿಟರ್‌ನೊಳಗೆ (ಕೋಡನ್ನು ಓದಿ ನಡೆಸುವ ಪ್ರೋಗ್ರಾಮಿನೊಳಗೆ) ಒಂದು ಸಮಯಕ್ಕೆ ಒಂದೇ ಥ್ರೆಡ್ (ಪ್ರೋಗ್ರಾಮಿನೊಳಗೆ ಪ್ರತ್ಯೇಕವಾಗಿ ಸಾಗುವ ಕೆಲಸದ ಎಳೆ) ಪೈಥಾನ್ ಕೋಡನ್ನು ನಡೆಸಬಲ್ಲದು, ಬಹುಥ್ರೆಡ್ ಪ್ರಾಕ್ಸಿಗೆ ಇದು ದೊಡ್ಡ ಅಡ್ಡಿ. ವಿದ್ಯಾರ್ಥಿಗಳಿಗೆ ಲುವಾ ಹೊಸದು ಎಂಬ ಚಿಂತೆ ಬೇಡ, ಅದು ಬಹಳ ಚಿಕ್ಕ ಭಾಷೆ.

ಭಾಷೆಯ ಆಯ್ಕೆಗಿಂತ ಹೆಚ್ಚು ಯೋಚನೆ ಬೇಡುವುದು ಸ್ಕ್ರಿಪ್ಟಿಗೂ ನಿಮ್ಮ ಸಿ ಕೋಡಿಗೂ ನಡುವಿನ ಗಡಿ. ನಿಮ್ಮ ಪ್ರಾಕ್ಸಿ ಒಂದೇ ಥ್ರೆಡ್‌ನಲ್ಲಿ ನೂರಾರು ಸಂಪರ್ಕಗಳನ್ನು ಸರದಿಯಂತೆ ನೋಡಿಕೊಳ್ಳುವುದಾದರೆ, ಅದರಲ್ಲಿ ಒಂದು ಸಂಪರ್ಕದ ಸ್ಕ್ರಿಪ್ಟು ಡೇಟಾಬೇಸಿನ ಉತ್ತರಕ್ಕಾಗಿ ಕಾಯುತ್ತ ಕುಳಿತರೂ ಉಳಿದವರೆಲ್ಲರ ಪುಟಗಳು ನಿಂತುಬಿಡುತ್ತವೆ. ಆದ್ದರಿಂದ ಪ್ರತಿ ಕೋರಿಕೆಯ ಸ್ಕ್ರಿಪ್ಟನ್ನೂ ಲುವಾದ ಕೊರೂಟೀನ್ (ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ ಕೋಡು) ಒಂದರಲ್ಲಿ ನಡೆಸಿ, ಕಾಯಬೇಕಾದ ಕಡೆ ಅದನ್ನು ಅಲ್ಲಿಯೇ ತಡೆದಿಟ್ಟು, ಉತ್ತರ ಬಂದ ಮೇಲೆ ಮುಂದುವರಿಸಬೇಕು. ಕೊನೆಯಿಲ್ಲದ ಲೂಪ್ ಬರೆದವರನ್ನು ತಡೆಯಲು ಇಂತಿಷ್ಟು ಆಜ್ಞೆಗಳಿಗೊಮ್ಮೆ ಕರೆಯಲ್ಪಡುವ ಎಣಿಕೆಯ ಹುಕ್ (ನಿಗದಿತ ಘಟ್ಟದಲ್ಲಿ ತಾನಾಗಿ ಕರೆಯಲ್ಪಡುವ ಫಂಕ್ಷನ್) ಲುವಾದಲ್ಲಿದೆ. ವೇಗಕ್ಕಾಗಿ ಲುವಾದ ಇನ್ನೊಂದು ರೂಪವಾದ ಲುವಾಜಿಟ್ ಬಳಸುವುದಾದರೆ ಎಚ್ಚರ ಬೇಕು: ಅದು ಯಂತ್ರಭಾಷೆಗೆ ತಿರುಗಿಸಿದ ಕೋಡಿನಲ್ಲಿ ಈ ಹುಕ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಮೆಮೊರಿಯ ಮಿತಿಯನ್ನು ನಿಮ್ಮದೇ ಅಲೊಕೇಟರ್ (ಮೆಮೊರಿ ಹಂಚುವ ಫಂಕ್ಷನ್) ಕೊಟ್ಟು ವಿಧಿಸಬಹುದು.

ಕೋರಿಕೆಯ ನಿಜವಾದ ಪಾಯಿಂಟರನ್ನು ಸ್ಕ್ರಿಪ್ಟಿನ ಕೈಗೆ ಎಂದಿಗೂ ಕೊಡಬೇಡಿ. ಸ್ಕ್ರಿಪ್ಟು ಅದನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಕೋರಿಕೆ ಮುಗಿದು ಮೆಮೊರಿ ಬಿಡುಗಡೆಯಾದ ಮೇಲೆ ಬಳಸಿದರೆ, ನೀವು ತಪ್ಪಿಸಿಕೊಳ್ಳಬೇಕೆಂದಿದ್ದ ಕುಸಿತವೇ ಮತ್ತೆ ಎದುರಾಗುತ್ತದೆ. ಬದಲಿಗೆ ಒಂದು ಗುರುತುಸಂಖ್ಯೆಯನ್ನಷ್ಟೇ ಕೊಟ್ಟು, ಕೋರಿಕೆ ಮುಗಿದೊಡನೆ ಅದನ್ನು ಅಮಾನ್ಯಗೊಳಿಸಿ. ಸ್ಕ್ರಿಪ್ಟಿನ ಕರೆಗಳನ್ನೆಲ್ಲ ಪಿಕಾಲ್ (ದೋಷವನ್ನು ಹಿಡಿದಿಡುವ ಲುವಾದ ಸುರಕ್ಷಿತ ಕರೆ) ಮೂಲಕ ನಡೆಸಿದರೆ ಅದರೊಳಗಿನ ದೋಷ ಸರ್ವರನ್ನು ಉರುಳಿಸುವುದಿಲ್ಲ. ಆದರೆ ದೋಷ ಬಂದಾಗ ಆ ಕೋರಿಕೆಯನ್ನು ಮುಂದಕ್ಕೆ ಹೋಗಲು ಬಿಡಬೇಕೇ, ತಡೆಯಬೇಕೇ ಎಂಬುದನ್ನು ಪ್ಲಗಿನ್ ಬರೆಯುವ ಮೊದಲೇ ನಿರ್ಧರಿಸಿಕೊಳ್ಳಿ. ಫೈಲು ಮತ್ತು ಆಪರೇಟಿಂಗ್ ಸಿಸ್ಟಮ್‌ಗೆ ಸಂಬಂಧಿಸಿದ ಲೈಬ್ರರಿಗಳನ್ನು ತೆರೆಯದಿರುವುದು ಒಳಿತು.

ಮೊದಲಿಗೆ ಕೋರಿಕೆಯ ಹೆಡರ್‌ಗಳನ್ನು (ಅದರ ಆರಂಭದ ವಿವರ ಸಾಲುಗಳನ್ನು) ಓದುವ, ಬದಲಿಸುವ ಒಂದೇ ಹುಕ್ ಒದಗಿಸಿ, ಈಗಿರುವ ಸಿ ಪ್ಲಗಿನ್ ಒಂದನ್ನು ಲುವಾದಲ್ಲಿ ಬರೆಸಿ, ಹಾಸ್ಟೆಲ್‌ನ ಸಂಜೆಯ ದಟ್ಟಣೆಯಲ್ಲಿ ಎರಡರ ವಿಳಂಬವನ್ನೂ ಅಳೆದು ನೋಡಿ. ಹೆಡರ್‌ಗಳ ನಂತರ ಬರುವ ವಿಷಯಭಾಗವನ್ನು ತಿದ್ದುವ ಹುಕ್ ಅದರ ನಂತರ ಬರಲಿ.